ಮಹಜರಿನ ಜಗಲಿಯಲ್ಲಿ ಒಂದು ಮೊಬೈಲ್

ಕಾಸರಗೋಡಿನ ಕುಂಬಳೆ ಪೇಟೆ, ಮಧ್ಯಾಹ್ನದ ಜಡಿಮಳೆ. ಬಸ್ಸಿಗೆ ಕಾಯುತ್ತಾ ಒಂದು ಮೊಬೈಲ್ ರಿಪೇರಿ ಅಂಗಡಿಯ ಸೂರಿನಡಿ ನಿಂತಿದ್ದೆ. ಅರುವತ್ತು ದಾಟಿದ ಒಬ್ಬರು ಕೊಡೆ ಮಡಚಿ ಒಳಗೆ ಬಂದರು. ಕೌಂಟರಿನ ಮೇಲೆ ಫೋನ್ ಇಟ್ಟರು.

"ಇದ್ರಲ್ಲಿ ಒಂದು ಫೋಟೋ ಇತ್ತು ಮಾರಾಯ. ಡಿಲೀಟ್ ಆಗಿದೆ. ತೆಗೆದುಕೊಡ್ಲಿಕ್ಕೆ ಆಗ್ತದಾ?"

ಅಡಿಕೆ ದುಡ್ಡಿನ ವಿಷಯ. ಇಷ್ಟು ಬಾಕಿ ಕೊಡಬೇಕು ಅಂತ ಕೈಯಲ್ಲಿ ಬರೆದ ಚೀಟಿಯ ಫೋಟೋ ತೆಗೆದು, ಕೊಡಬೇಕಾದವನೇ ವಾಟ್ಸಾಪಿನಲ್ಲಿ ಕಳಿಸಿದ್ದನಂತೆ. ಈಗ ಅವನು, ನನ್ನಿಂದ ನಿಮಗೆ ಒಂದು ರೂಪಾಯಿಯೂ ಬರಲಿಕ್ಕಿಲ್ಲ ಅನ್ನುತ್ತಿದ್ದಾನೆ. ಚೀಟಿಯ ಫೋಟೋ ಹುಡುಕಿದರೆ ಇಲ್ಲ. ಫೋನ್ ಫುಲ್ ಅಂತ ತೋರಿಸುತ್ತಿತ್ತು, ಮೊಮ್ಮಗ ಕ್ಲೀನ್ ಮಾಡಿಕೊಟ್ಟಿದ್ದ.

ಅಂಗಡಿಯ ಹುಡುಗ ಟ್ರ್ಯಾಷ್ ತೆರೆದು ನೋಡಿದ. ಅದೂ ಖಾಲಿ. "ಕಷ್ಟ ಉಂಟು ಮಾವ. ಹೊಸ ಫೋನಲ್ವಾ ಇದು."

"ಎಂಥ ಕಷ್ಟ? ಪೊಲೀಸಿನವರು ಲ್ಯಾಬಿಗೆ ಕಳಿಸಿ ತೆಗೆಸ್ತಾರಲ್ಲ? ಪೇಪರಲ್ಲಿ ದಿನಾ ಬರ್ತದೆ."

ಹುಡುಗ ಸುಮ್ಮನಾದ. ಬಸ್ಸು ಬಂದರೂ ನಾನು ಹತ್ತಲಿಲ್ಲ. ಡಿಲೀಟ್ ಮಾಡಿದ್ದು ಲ್ಯಾಬಿನಲ್ಲಿ ಸಿಕ್ಕೇ ಸಿಗುತ್ತದೆ ಅನ್ನುವ ನಂಬಿಕೆ ನಮ್ಮಲ್ಲಿ ಅಷ್ಟು ಗಟ್ಟಿ. ಪೊಲೀಸರಿಗೂ ಇದೆ, ವಕೀಲರಿಗೂ ಇದೆ. ಹದಿನೈದು ವರ್ಷದ ಹಿಂದೆ ಅದು ಬಹುಮಟ್ಟಿಗೆ ನಿಜವೂ ಆಗಿತ್ತು. ಈಗ ಫೋನು, ಲ್ಯಾಪ್‌ಟಾಪು ತಮ್ಮೊಳಗೆ ಫೈಲ್ ಇಡುವ ಕ್ರಮವೇ ಬದಲಾಗಿದೆ. ತನಿಖೆಯ ಕ್ರಮ ಮಾತ್ರ ಹಲವು ಕಡೆ ಹಳೆಯದೇ. ಸಾಕ್ಷಿ ಉಳಿಯುತ್ತದೋ ಇಲ್ಲವೋ ಅನ್ನುವುದು ಈಗ ಲ್ಯಾಬಿಗೆ ಮುಟ್ಟುವ ಮೊದಲೇ ತೀರ್ಮಾನವಾಗಿರುತ್ತದೆ. ಪೊಲೀಸರು ಮನೆಗೆ ಬಂದು ಜಗಲಿಯಲ್ಲಿ ಕೂತು ಮಹಜರು ಬರೆಯುವ ಆ ಒಂದು ಗಂಟೆಯಲ್ಲಿ.

ಹಳೆಯ ಕ್ರಮದಿಂದಲೇ ಶುರು ಮಾಡೋಣ. ಫೈಲ್ ಸಿಸ್ಟಮ್ ಅಂದರೆ ಬೇರೇನಲ್ಲ, ಯಾವ ಫೈಲು ಎಲ್ಲಿದೆ ಅಂತ ಬರೆದಿಡುವ ರಿಜಿಸ್ಟರು. ಶಾಲೆಯ ಹಾಜರಿ ಪುಸ್ತಕ ಅಂದುಕೊಳ್ಳಿ. ಹಳೆಯ ಮೆಮೊರಿ ಕಾರ್ಡ್, ಪೆನ್‌ಡ್ರೈವ್‌ಗಳಲ್ಲಿರುವ ಫ್ಯಾಟ್ ಎಂಬ ಕ್ರಮದಲ್ಲಿ ನೀವು ಒಂದು ಫೋಟೋ ಡಿಲೀಟ್ ಮಾಡಿದರೆ, ರಿಜಿಸ್ಟರಿನಲ್ಲಿ ಅದರ ಹೆಸರಿನ ಮೊದಲ ಅಕ್ಷರವನ್ನು ಹೊಡೆದುಹಾಕಿ ಅಲ್ಲಿ 'ಇ5' ಅನ್ನುವ ಗುರುತು ಹಾಕುತ್ತಾರೆ. ಫೋಟೋ ಇದ್ದ ಜಾಗ ಖಾಲಿ ಅಂತ ಬರೆಯುತ್ತಾರೆ, ಅಷ್ಟೆ. ಹಾಜರಿಯಲ್ಲಿ ಹೆಸರು ಹೊಡೆದಿದೆ, ಹುಡುಗ ಮಾತ್ರ ಹಿಂದಿನ ಬೆಂಚಿನಲ್ಲೇ ಕೂತಿದ್ದಾನೆ. ಬೇರೆ ಹುಡುಗ ಬಂದು ಆ ಜಾಗದಲ್ಲಿ ಕೂರುವವರೆಗೆ ಅವನಿಗೆ ಏನೂ ಆಗುವುದಿಲ್ಲ.

ನಮ್ಮ ಮನೆಯ ಕಪಾಟಿನಲ್ಲಿ 2 ಜಿಬಿಯ ಒಂದು ಕಾರ್ಡ್ ಬಿದ್ದಿತ್ತು. ಹಳೆಯ ಬಟನ್ ಫೋನಿನದ್ದು. ಎಲ್ಲ ಅಳಿಸಿ ಖಾಲಿ ಮಾಡಿ ಇಟ್ಟದ್ದು ಅಂತ ನೆನಪು. ಒಂದು ಭಾನುವಾರ ಫೋಟೋರೆಕ್ ಎಂಬ ಬಿಟ್ಟಿ ತಂತ್ರಾಂಶದಿಂದ ಅದನ್ನು ಜಾಲಾಡಿದೆ. ಈ ತಂತ್ರಾಂಶ ರಿಜಿಸ್ಟರನ್ನು ನೋಡುವುದೇ ಇಲ್ಲ. ಜೆಪೆಗ್ ಫೋಟೋ ಯಾವತ್ತೂ 'ಎಫ್ಎಫ್ ಡಿ8 ಎಫ್ಎಫ್' ಎಂಬ ಸಂಕೇತದಿಂದ ಶುರುವಾಗುತ್ತದೆ. ಆ ಸಂಕೇತ ಎಲ್ಲೆಲ್ಲಿ ಇದೆಯೋ ಅಲ್ಲಿಂದ ಎತ್ತಿಕೊಳ್ಳುತ್ತಾ ಹೋಗುತ್ತದೆ. ಚಹಾ ಕುಡಿದು ಬರುವಷ್ಟರಲ್ಲಿ ನೂರಾರು ಫೋಟೋ. ಗದ್ದೆಯಲ್ಲಿ ನಡೆದ ಬಯಲಾಟ, ಅತ್ತೆಯ ಮನೆಯ ಗೃಹಪ್ರವೇಶ, ಯಾರದ್ದೋ ಹೆಬ್ಬೆರಳು. ಕಾರ್ಡಿನಲ್ಲಿ ಹೆಸರಿಗೆ ಒಂದು ಫೈಲೂ ಇರಲಿಲ್ಲ. ಪೇಪರಿನಲ್ಲಿ ಓದಿ ಓದಿ ನಮ್ಮ ತಲೆಯಲ್ಲಿ ಉಳಿದಿರುವ ಡಿಜಿಟಲ್ ತನಿಖೆ ಇದೇ.

ಇಂಥ ಕಾರ್ಡಿಗೆ ಇನ್ನೊಂದು ಗುಣ ಇದೆ. ಮುಟ್ಟಿದರೆ ಬದಲಾಗುತ್ತದೆ. ಕೇರಳದಲ್ಲಿ ಇದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ನಟಿಯೊಬ್ಬರ ಮೇಲೆ 2017ರಲ್ಲಿ ನಡೆದ ದೌರ್ಜನ್ಯದ ಪ್ರಕರಣದಲ್ಲಿ, ಕೋರ್ಟಿನ ಸುಪರ್ದಿಯಲ್ಲಿದ್ದ ಮೆಮೊರಿ ಕಾರ್ಡಿನ ಹ್ಯಾಶ್ ವ್ಯಾಲ್ಯೂ ಬದಲಾಗಿದೆ ಎಂಬ ಸುದ್ದಿ ವರ್ಷಗಟ್ಟಲೆ ಮಲಯಾಳಂ ಚಾನೆಲುಗಳಲ್ಲಿ ಓಡಿತು. ಕಾರ್ಡನ್ನು ಮತ್ತೆ ಲ್ಯಾಬಿಗೆ ಕಳಿಸಲು 2022ರಲ್ಲಿ ಹೈಕೋರ್ಟ್ ಒಪ್ಪಿತು. ಯಾರು ಮುಟ್ಟಿದರು ಎಂದು ವಿಚಾರಣೆ ಮಾಡಲು 2023ರ ಡಿಸೆಂಬರಿನಲ್ಲಿ ಆದೇಶಿಸಿತು. ಆಗ ನಮ್ಮೂರಿನ ಚಹಾದಂಗಡಿಯಲ್ಲೂ 'ಹ್ಯಾಶ್ ವ್ಯಾಲ್ಯೂ' ಮಾತು ಬಂದಿತ್ತು. ಅರ್ಥ ಮಾತ್ರ ಹೆಚ್ಚಿನವರಿಗೆ ಆಗಲಿಲ್ಲ. ಹ್ಯಾಶ್ ಬದಲಾಯಿತು ಅಂದರೆ ವಿಡಿಯೋ ತಿದ್ದಿದ್ದಾರೆ ಅಂತಲೇ ಜನ ತಿಳಿದರು.

ಹಾಗೆ ಆಗಿರಲೇಬೇಕು ಅಂತಿಲ್ಲ. ಹ್ಯಾಶ್ ಅಂದರೆ ದತ್ತಾಂಶದ ಬೆರಳಚ್ಚು. ಒಂದು ಫೈಲಿಗೂ ತೆಗೆಯಬಹುದು, ಇಡೀ ಕಾರ್ಡಿಗೂ ತೆಗೆಯಬಹುದು. ಒಳಗೆ ಒಂದೇ ಒಂದು ಬಿಟ್ ಬದಲಾದರೂ ಬೆರಳಚ್ಚು ಪೂರ್ತಿ ಬೇರೆಯಾಗುತ್ತದೆ. ಈಗ ಕಾರ್ಡನ್ನು ಸುಮ್ನೆ ಆಂಡ್ರಾಯ್ಡ್ ಫೋನಿಗೆ ಹಾಕಿ ಅಂದುಕೊಳ್ಳಿ. ಯಾವ ಫೈಲೂ ತೆರೆಯಬೇಡಿ. ಫೋನು ತನ್ನಷ್ಟಕ್ಕೆ 'ಆಂಡ್ರಾಯ್ಡ್' ಅಂತ ಒಂದು ಫೋಲ್ಡರ್ ಮಾಡಿಬಿಡುತ್ತದೆ. ವಿಂಡೋಸ್ ಕಂಪ್ಯೂಟರಿಗೆ ಸಿಕ್ಕಿಸಿದರೆ ಅದೂ ತನ್ನ ಗುಪ್ತ ಫೋಲ್ಡರ್ ಒಂದನ್ನು ಇಡುತ್ತದೆ. ರಿಜಿಸ್ಟರಿನಲ್ಲಿ ಹೊಸ ಸಾಲು ಬಂತು. ಇಡೀ ಕಾರ್ಡಿನ ಹ್ಯಾಶ್ ಬದಲಾಯಿತು. ಒಳಗಿನ ವಿಡಿಯೋ ಫೈಲಿನ ಹ್ಯಾಶ್ ಇದ್ದಂತೆಯೇ ಇರಬಹುದು. ಅಂದರೆ ಯಾರೋ ಕಾರ್ಡನ್ನು ಸಾಧನಕ್ಕೆ ಹಾಕಿದ್ದಾರೆ, ಬರೆಯದಂತೆ ತಡೆಯುವ ರೈಟ್ ಬ್ಲಾಕರ್ ಇಲ್ಲದೆ ಹಾಕಿದ್ದಾರೆ, ಅಷ್ಟು ಇದರಿಂದ ಗೊತ್ತಾಗುತ್ತದೆ. ನೋಡಿದರೋ, ನಕಲು ಮಾಡಿದರೋ ಅನ್ನುವುದಕ್ಕೆ ಬೇರೆ ಪುರಾವೆ ಬೇಕು. ಬೇರೆಯವರ ಖಾಸಗಿತನದ ಮಟ್ಟಿಗೆ ಇದು ಸಣ್ಣ ವಿಷಯ ಅಂತ ನಾನು ಹೇಳುತ್ತಿಲ್ಲ. ಮುಟ್ಟಬಾರದ್ದನ್ನು ಮುಟ್ಟಿದ್ದೇ ದೊಡ್ಡ ತಪ್ಪು. ಆದರೆ ತಿದ್ದಿದ್ದು ಬೇರೆ, ಮುಟ್ಟಿದ್ದು ಬೇರೆ.

ಈ ಹಳೆಯ ಕಾರ್ಡುಗಳ ಗಡಿಯಾರದ ಕಥೆ ನಮ್ಮ ಜಿಲ್ಲೆಗೆ ಹೇಳಿ ಮಾಡಿಸಿದ್ದು. ಕಾಸರಗೋಡಿನಲ್ಲಿ ಗಲ್ಫಿನ ನಂಟು ಇಲ್ಲದ ಬೀದಿ ಎಲ್ಲಿದೆ ಹೇಳಿ. ಫ್ಯಾಟ್ ಕ್ರಮದಲ್ಲಿ ಫೈಲಿನ ಸಮಯವನ್ನು ಆಯಾ ಊರಿನ ಗಡಿಯಾರ ಏನು ತೋರಿಸುತ್ತದೋ ಹಾಗೆಯೇ ಬರೆಯುತ್ತಾರೆ. ಯಾವ ಊರಿನ ಸಮಯ ಅಂತ ಬರೆಯಲು ಅಲ್ಲಿ ಜಾಗವೇ ಇಲ್ಲ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ. ಅಲ್ಲಿ ರಾತ್ರಿ 9:10ಕ್ಕೆ ಉಳಿಸಿದ ಫೈಲು ಇಲ್ಲಿ ಬಂದು ತೆರೆದಾಗಲೂ 9:10 ಅಂತಲೇ ಹೇಳುತ್ತದೆ. ನಿಜವಾಗಿ ಆಗ ಉಪ್ಪಳದಲ್ಲಿ 10:40. ಒಬ್ಬ ಆ ರಾತ್ರಿ ಹತ್ತು ಗಂಟೆಗೆ ಎಲ್ಲಿದ್ದ ಎಂಬ ಪ್ರಶ್ನೆಯ ಮೇಲೆ ಕೇಸು ನಿಂತಿದ್ದರೆ ಈ ಒಂದೂವರೆ ಗಂಟೆ ಅವನನ್ನು ಸಿಕ್ಕಿಸಲೂಬಹುದು, ಬಿಡಿಸಲೂಬಹುದು. ಇನ್ನೂ ಒಂದು ತಮಾಷೆ. ಫ್ಯಾಟ್‌ನಲ್ಲಿ ಫೈಲ್ ಬದಲಾದ ಸಮಯ ಎರಡು ಸೆಕೆಂಡಿಗೊಮ್ಮೆ ಮಾತ್ರ ಲೆಕ್ಕ. ಹಾಗಾಗಿ ಅಲ್ಲಿ ಸೆಕೆಂಡು ಯಾವತ್ತೂ ಸಮಸಂಖ್ಯೆ. ವಿಂಡೋಸಿನ ಎನ್‌ಟಿಎಫ್ಎಸ್ ಕ್ರಮ ಇದಕ್ಕೆ ಪೂರ್ತಿ ಉಲ್ಟಾ. ಜಗತ್ತಿಗೆಲ್ಲ ಒಂದೇ ಆದ ಯುಟಿಸಿ ಸಮಯವನ್ನು ಒಂದು ಸೆಕೆಂಡಿನ ಕೋಟಿಯಲ್ಲೊಂದು ಪಾಲಿನವರೆಗೆ ಬರೆದಿಡುತ್ತದೆ. ಎಕ್ಸ್‌ಫ್ಯಾಟ್ ಬಂದ ಮೇಲೆ ಮೆಮೊರಿ ಕಾರ್ಡಿನಲ್ಲೂ ಯಾವ ವಲಯದ ಸಮಯ ಅಂತ ಬರೆಯಲು ಜಾಗ ಸಿಕ್ಕಿತು. ಆದರೂ ಒಂದೇ ವರದಿಯಲ್ಲಿ ಮೂರು ಕ್ರಮದ ಸಮಯವನ್ನು ಒಟ್ಟು ಕಲಸಿ ಹಾಕಿದರೆ ಜಡ್ಜರಿಗೆ ಏನು ಅರ್ಥವಾಗಬೇಕು?

ಈಗ ಆ ಮಾವನ ಫೋನಿಗೆ ಬರೋಣ.

ಫೋನಿನೊಳಗೆ ತಿರುಗುವ ಡಿಸ್ಕ್ ಇಲ್ಲ, ಫ್ಲ್ಯಾಶ್ ಚಿಪ್ ಇದೆ. ಫ್ಲ್ಯಾಶ್ ಚಿಪ್ಪಿಗೆ ಒಂದು ಹಠ. ಬರೆದ ಜಾಗದ ಮೇಲೆ ನೇರವಾಗಿ ಮತ್ತೆ ಬರೆಯಲು ಬಿಡುವುದಿಲ್ಲ. ಮೊದಲು ಒಂದು ದೊಡ್ಡ ತುಂಡನ್ನೇ ಪೂರ್ತಿ ಅಳಿಸಬೇಕು, ಆಮೇಲೆ ಬರೆಯಬೇಕು. ಆಗಾಗ ಅಳಿಸಿ ಜಾಗ ಸಿದ್ಧ ಮಾಡಿಟ್ಟುಕೊಳ್ಳದಿದ್ದರೆ ಫೋನ್ ನಿಧಾನವಾಗುತ್ತದೆ. ಅದಕ್ಕಾಗಿ ಟ್ರಿಮ್ ಎಂಬ ಆಜ್ಞೆ ಬಂತು. ಈ ಜಾಗದ್ದು ಇನ್ನು ಬೇಡ, ಗುಡಿಸಿಬಿಡು ಅಂತ ಫೈಲ್ ಸಿಸ್ಟಮ್ ಚಿಪ್ಪಿಗೆ ಹೇಳುತ್ತದೆ. ವಿಂಡೋಸ್ 7ರಲ್ಲಿ, ಅಂದರೆ 2009ರಲ್ಲಿ ಇದು ಬಂತು. ಆಂಡ್ರಾಯ್ಡ್ 4.3ರಲ್ಲಿ, 2013ರಲ್ಲಿ ಫೋನಿಗೂ ಬಂತು. ಫೋನ್ ಇದನ್ನು ಯಾವಾಗ ಮಾಡುತ್ತದೆ ಗೊತ್ತಾ? ನೀವು ಚಾರ್ಜಿಗೆ ಹಾಕಿ ಮಲಗಿದ ಮೇಲೆ. ಬೆಳಗಾಗುವಷ್ಟರಲ್ಲಿ ಅಂಗಳ ಗುಡಿಸಿ ಸೆಗಣಿ ಸಾರಿಸಿ ಆಗಿರುತ್ತದೆ. ಮೊಮ್ಮಗ ಕ್ಲೀನ್ ಮಾಡಿದ್ದು ಯಾವಾಗ ಅಂತ ಅಂಗಡಿಯ ಹುಡುಗ ಕೇಳಿದ್ದ. "ಹೋದ ವಾರ." ಏಳು ರಾತ್ರಿ ಕಳೆದಿತ್ತು.

ಇದರ ಪರಿಣಾಮ ಎಷ್ಟು ಅಂತ 2010ರಲ್ಲೇ ಆಸ್ಟ್ರೇಲಿಯಾದ ಮರ್ಡಾಕ್ ವಿಶ್ವವಿದ್ಯಾಲಯದ ಇಬ್ಬರು ತೋರಿಸಿದ್ದರು. ಫ್ಲ್ಯಾಶ್ ಚಿಪ್ಪಿನದ್ದೇ ಡಿಸ್ಕ್ ಆದ ಒಂದು ಎಸ್ಎಸ್‌ಡಿಯನ್ನು ಕ್ವಿಕ್ ಫಾರ್ಮ್ಯಾಟ್ ಮಾಡಿ ಕರೆಂಟು ಕೊಟ್ಟು ಬಿಟ್ಟರು. ಕೆಲವೇ ನಿಮಿಷಗಳಲ್ಲಿ ಹಳೆಯ ದತ್ತಾಂಶ ಹೆಚ್ಚುಕಡಿಮೆ ಮಾಯ. ರೈಟ್ ಬ್ಲಾಕರ್ ಹಾಕಿ ನೋಡಿದರೂ ಡಿಸ್ಕ್ ಒಳಗೊಳಗೇ ಅಳಿಸುತ್ತಿತ್ತು. ಅಳಿಸುವವನು ಹೊರಗಿನಿಂದ ಬರುವುದಾದರೆ ಬಾಗಿಲು ಹಾಕಬಹುದು. ಒಳಗೇ ಇದ್ದರೆ? ಪರೀಕ್ಷಿಸುವವರು ಏನೂ ಮಾಡದಿದ್ದರೂ ಸಾಕ್ಷಿ ತಾನಾಗಿ ಕರಗುವ ಪರಿಸ್ಥಿತಿ ಅದು. ಇಂಥ ಡಿಸ್ಕಿನ ಹ್ಯಾಶ್ ಬೆಳಿಗ್ಗೆ ಒಂದು, ಸಂಜೆ ಇನ್ನೊಂದು ಬಂದರೆ ತಿದ್ದಿದ್ದಾರೆ ಅಂತ ಗಂಟಲು ಹರಿದುಕೊಳ್ಳುವ ಮೊದಲು ಇದು ನೆನಪಿರಬೇಕು.

ಅದರ ಮೇಲೆ ಫೈಲ್ ಸಿಸ್ಟಮ್‌ಗಳೂ ಬದಲಾದವು. ಸ್ಯಾಮ್‌ಸಂಗ್ 2012ರಲ್ಲಿ ಹೊರತಂದ ಎಫ್2ಎಫ್ಎಸ್ ಇವತ್ತು ಬಹಳಷ್ಟು ಆಂಡ್ರಾಯ್ಡ್ ಫೋನುಗಳಲ್ಲಿದೆ. ಅದು ಇದ್ದಲ್ಲೇ ತಿದ್ದುವುದು ಕಡಿಮೆ, ಮುಂದೆ ಮುಂದೆ ಹೊಸದಾಗಿ ಬರೆಯುತ್ತಾ ಹೋಗುತ್ತದೆ. ಆಪಲ್ 2017ರಲ್ಲಿ ಐಫೋನಿಗೂ ಮ್ಯಾಕಿಗೂ ಎಪಿಎಫ್ಎಸ್ ತಂದಿತು. ಅದರದ್ದೂ ಹೆಚ್ಚುಕಡಿಮೆ ಅದೇ ಬುದ್ಧಿ: ಹಳೆಯ ಪುಟ ಹಾಗೇ ಬಿಟ್ಟು ಹೊಸ ಪುಟದಲ್ಲಿ ಬರೆಯುವುದು, ಆಮೇಲೆ ಪರಿವಿಡಿಯಲ್ಲಿ ಪುಟಸಂಖ್ಯೆ ಬದಲಿಸುವುದು. ಕೇಳಿದರೆ ತನಿಖೆಯವರಿಗೆ ಹಬ್ಬ ಅನ್ನಿಸುತ್ತದೆ. ಹಳೆಯ ಪುಟಗಳೆಲ್ಲ ಉಳಿಯುತ್ತವಲ್ಲ? ಒಂದಷ್ಟು ಹೊತ್ತು ಉಳಿಯುತ್ತವೆ, ನಿಜ. ಆದರೆ ಆ ಪುಟಗಳಿಗೆಲ್ಲ ಬೀಗ.

ನಿಜವಾದ ತಿರುವು ಈ ಬೀಗದ್ದೇ. ಆಂಡ್ರಾಯ್ಡ್ 7 ಬಂದಾಗ, 2016ರಲ್ಲಿ, ಫೈಲ್ ಮಟ್ಟದ ಎನ್‌ಕ್ರಿಪ್ಶನ್ ಶುರುವಾಯಿತು. ಆಂಡ್ರಾಯ್ಡ್ 10ರೊಂದಿಗೆ ಮಾರುಕಟ್ಟೆಗೆ ಬರುವ ಹೊಸ ಫೋನುಗಳಿಗೆ ಅದು ಕಡ್ಡಾಯವಾಯಿತು. ಐಫೋನಿನಲ್ಲಿ ಒಂದೊಂದು ಫೈಲಿಗೂ ಒಂದೊಂದು ಕೀಲಿ. ಆ ಕೀಲಿಯನ್ನು ಇನ್ನೊಂದು ಕೀಲಿಯಿಂದ ಮುಚ್ಚಿ ಫೈಲಿನ ದಾಖಲೆಯಲ್ಲೇ ಇಟ್ಟಿರುತ್ತಾರೆ. ಫೈಲ್ ಡಿಲೀಟ್ ಆದರೆ ದಾಖಲೆ ಹೋಯಿತು, ಕೀಲಿಯೂ ಹೋಯಿತು. ಉಳಿದ ಗುಪ್ಪೆಯನ್ನು ಚಿಪ್ಪಿನಿಂದ ಹೆಕ್ಕಿ ತಂದರೂ ಅದು ಬರೀ ಅರ್ಥವಿಲ್ಲದ ಅಂಕಿಗಳ ರಾಶಿ. ಫ್ಯಾಕ್ಟರಿ ರೀಸೆಟ್ ಅಂದರೆ ಕೀಲಿಗೊಂಚಲನ್ನೇ ಚಂದ್ರಗಿರಿ ಹೊಳೆಗೆ ಎಸೆದ ಹಾಗೆ. ಹಿಂದೆ ಲ್ಯಾಬಿನವರ ಬ್ರಹ್ಮಾಸ್ತ್ರ ಅಂದರೆ ಚಿಪ್ ಆಫ್. ಬೋರ್ಡಿನಿಂದ ಮೆಮೊರಿ ಚಿಪ್ಪನ್ನು ಬಿಸಿ ಮಾಡಿ ಕಿತ್ತು, ಬೇರೆ ಯಂತ್ರಕ್ಕೆ ಕೂರಿಸಿ ಓದುವುದು. ಈಗಿನ ಫೋನಿನಲ್ಲಿ ಹಾಗೆ ಮಾಡಿದರೆ ಚಿಪ್ಪು ಬೇರೆ, ಕೀಲಿ ಇದ್ದ ಪ್ರೊಸೆಸರು ಬೇರೆ ಆಗಿ, ಇದ್ದದ್ದೂ ಕೈತಪ್ಪುತ್ತದೆ.

ಹಾಗಾದರೆ ಜಗಲಿಯಲ್ಲಿ ಏನಾಗಬೇಕು? ಪೊಲೀಸರಲ್ಲಿ ಒಂದು ಹಳೆಯ ಅಭ್ಯಾಸ ಇದೆ. ಫೋನ್ ವಶಕ್ಕೆ ತಗೊಂಡ ಕೂಡಲೇ ಸ್ವಿಚ್ ಆಫ್. ಹೊರಗಿನಿಂದ ಯಾರಾದರೂ ಅಳಿಸಿಬಿಟ್ಟಾರು ಅನ್ನುವ ಭಯ. ಬಟನ್ ಫೋನಿನ ಕಾಲಕ್ಕೆ ಅದು ಸರಿಯೇ. ಈಗ ಅದು ಎಷ್ಟೋ ಕೇಸಿನಲ್ಲಿ ಕೊಡಲಿಪೆಟ್ಟು. ಯಾಕೆ ಅಂದರೆ ಫೋನ್ ಆನ್ ಆಗಿ ಒಮ್ಮೆ ಪಿನ್ ಹಾಕಿ ತೆರೆದ ಮೇಲೆ, ಮತ್ತೆ ಪರದೆ ಲಾಕ್ ಆದರೂ ಒಳಗೆ ಹಲವು ಕೀಲಿಗಳು ಕೈಗೆಟುಕುವಲ್ಲೇ ಇರುತ್ತವೆ. ಲ್ಯಾಬಿನ ಉಪಕರಣಗಳಿಗೆ ಆಗ ಸಾಕಷ್ಟು ದತ್ತಾಂಶ ಸಿಗುವ ಸಾಧ್ಯತೆ ಇದೆ. ಸ್ವಿಚ್ ಆಫ್ ಮಾಡಿದ ಕ್ಷಣ ಆ ಕೀಲಿಗಳು ಹೋದವು. ಮತ್ತೆ ಆನ್ ಮಾಡಿದರೂ ಪಿನ್ ಇಲ್ಲದೆ ತೀರಾ ಸ್ವಲ್ಪ ಸಿಗುತ್ತದೆ. ಈ ಕಸುಬಿನವರು ಈ ಎರಡು ಸ್ಥಿತಿಗೆ ಎಎಫ್‌ಯು, ಬಿಎಫ್‌ಯು ಅನ್ನುತ್ತಾರೆ. ಹೆಸರು ಏನೇ ಇರಲಿ, ವ್ಯತ್ಯಾಸ ತೆರೆದಿಟ್ಟ ಮನೆಗೂ ಚಿಲಕ ಹಾಕಿದ ಮನೆಗೂ ಇರುವಷ್ಟು.

ಫೋನನ್ನು ಆನ್ ಇಟ್ಟುಕೊಂಡು, ನೆಟ್‌ವರ್ಕ್ ಸಿಗದ ಹಾಗೆ ಫ್ಯಾರಡೆ ಚೀಲದಲ್ಲಿ ಹಾಕಿ, ಒಳಗೇ ಪವರ್ ಬ್ಯಾಂಕ್ ಕೊಟ್ಟು ಬೇಗ ಲ್ಯಾಬಿಗೆ ಮುಟ್ಟಿಸುವುದು ಈಗಿನ ಕ್ರಮ. ಚೀಲದೊಳಗೆ ಫೋನು ಸಿಗ್ನಲ್ ಹುಡುಕಿ ಹುಡುಕಿ ಬ್ಯಾಟರಿ ತಿನ್ನುತ್ತದೆ, ಅದಕ್ಕೇ ಪವರ್ ಬ್ಯಾಂಕ್. ಬೇಗ ಅನ್ನುವುದಕ್ಕೂ ಈಗ ಒಂದು ಗಡುವು ಬಂದಿದೆ. 2024ರಲ್ಲಿ ಬಂದ ಐಒಎಸ್ 18ರ ಆವೃತ್ತಿಗಳಲ್ಲಿ, ಮೂರು ದಿನ ಯಾರೂ ತೆರೆಯದಿದ್ದರೆ ಐಫೋನ್ ತಾನಾಗಿ ರೀಸ್ಟಾರ್ಟ್ ಆಗುತ್ತದೆ. ಆಂಡ್ರಾಯ್ಡಿಗೂ 2025ರಲ್ಲಿ ಇಂಥದ್ದೇ ಸೌಲಭ್ಯ ಬಂತು. ಕಳ್ಳನ ಕೈಗೆ ಸಿಕ್ಕಿದರೂ ನಿಮ್ಮ ಗುಟ್ಟು ಉಳಿಯಲಿ ಅಂತ ಮಾಡಿದ್ದು, ಒಳ್ಳೆಯದೇ. ನನ್ನ ಫೋನಿನಲ್ಲಿ ಅದು ಇರಲಿ ಅಂತಲೇ ನನ್ನ ಆಸೆ. ಆದರೆ ಶುಕ್ರವಾರ ಸಂಜೆ ಮಂಜೇಶ್ವರದಲ್ಲಿ ವಶಪಡಿಸಿದ ಫೋನು ಸೋಮವಾರ ಸಂಜೆಯ ತನಕ ಸ್ಟೇಷನ್ನಿನ ಅಲ್ಮೇರಾದಲ್ಲಿ ಕೂತರೆ ಮೂರು ದಿನ ಮುಗಿದೇ ಹೋಯಿತು. ರಾಜ್ಯದ ಮುಖ್ಯ ವಿಧಿವಿಜ್ಞಾನ ಲ್ಯಾಬ್ ಇರುವುದು ತಿರುವನಂತಪುರದಲ್ಲಿ. ಕಾಸರಗೋಡಿನಿಂದ ವಂದೇ ಭಾರತ್ ರೈಲಿನಲ್ಲೇ ಸುಮಾರು 8 ಗಂಟೆಯ ದಾರಿ. ಕಣ್ಣೂರಿನಲ್ಲಿ ಪ್ರಾದೇಶಿಕ ಲ್ಯಾಬ್ ಇದೆ, ಹತ್ತಿರವಾಯಿತು. ಆದರೆ ಪೆಟ್ಟಿಗೆ ಅಲ್ಲಿಗೆ ಮುಟ್ಟಿದ ಮಾತ್ರಕ್ಕೆ ಅದೇ ದಿನ ಯಾರಾದರೂ ತೆರೆಯುತ್ತಾರಾ? ಸರತಿಯಲ್ಲಿ ಕೂತ ಫೋನಿನ ಗಡಿಯಾರ ನಿಲ್ಲುವುದಿಲ್ಲ.

ಇದೆಲ್ಲ ಕೇಳಿ ಡಿಜಿಟಲ್ ತನಿಖೆಯ ಕಥೆ ಮುಗಿಯಿತು ಅಂದುಕೊಳ್ಳಬೇಡಿ. ಅಳಿಸಿದ ಫೈಲು ಸಿಗುವುದು ಕಡಿಮೆಯಾಯಿತು. ಅಳಿಸಿದ ಹೆಜ್ಜೆಗುರುತು ಸಿಗುವುದು ಜಾಸ್ತಿಯಾಯಿತು. ಹೊಸ ಫೈಲ್ ಸಿಸ್ಟಮ್‌ಗಳಲ್ಲಿ ಹಲವು ದಿನಚರಿ ಬರೆಯುವ ಜಾತಿಯವು. ಅಡಿಕೆ ಮಂಡಿಯಲ್ಲಿ ಕಚ್ಚಾ ಪುಸ್ತಕ ಅಂತ ಇರುತ್ತದಲ್ಲ, ಲೆಡ್ಜರಿಗೆ ಏರಿಸುವ ಮೊದಲು ಅವಸರದಲ್ಲಿ ಗೀಚುವುದು, ಅಂಥದ್ದು. ಕರೆಂಟು ಹೋದರೆ ಲೆಕ್ಕ ತಪ್ಪಬಾರದು ಅಂತ ಇಟ್ಟ ಪುಸ್ತಕ. ತನಿಖೆಗೆ ಅದೇ ಚಿನ್ನ.

ಒಂದು ಉದಾಹರಣೆ ಹತ್ತಿರದಿಂದ ನೋಡಿ. ಒಂದು ಸಂಘದ ಕಂಪ್ಯೂಟರಿನಲ್ಲಿ ಲೆಕ್ಕದ ಎಕ್ಸೆಲ್ ಫೈಲು. ಗುಮಾಸ್ತ ಜೂನ್ ತಿಂಗಳಲ್ಲಿ ಕೂತು ಹೊಸದಾಗಿ ಮಾಡಿದ, ಆಮೇಲೆ ಅದರ ದಿನಾಂಕವನ್ನು ಮಾರ್ಚ್ 31ಕ್ಕೆ ತಿರುಗಿಸಿದ. ಅಂತರ್ಜಾಲದಲ್ಲಿ ಬಿಟ್ಟಿಯಾಗಿ ಸಿಗುವ ಉಪಕರಣ ಸಾಕು. ಫೈಲಿನ ಮೇಲೆ ಮೌಸ್ ಒತ್ತಿ ನೋಡಿದರೆ ಮಾರ್ಚ್ 31 ಅಂತಲೇ ಕಾಣುತ್ತದೆ. ಆದರೆ ಎನ್‌ಟಿಎಫ್ಎಸ್ ಒಂದು ಫೈಲಿಗೆ ಎರಡು ಜೊತೆ ಸಮಯ ಬರೆದಿಡುತ್ತದೆ. ನಮಗೆ ಕಾಣುವುದು ಒಂದು ಜೊತೆ, ಸಾಮಾನ್ಯ ಉಪಕರಣ ಬದಲಿಸುವುದೂ ಅದನ್ನೇ. ಫೈಲಿನ ಹೆಸರಿನ ಜೊತೆಗಿರುವ ಎರಡನೆಯದರಲ್ಲಿ ಜೂನ್ ಜೂನೇ ಆಗಿ ಕೂತಿರುತ್ತದೆ. ಇನ್ನೊಂದು ಸುಳಿವು: ನಿಜವಾದ ಸಮಯದ ಕೊನೆಯಲ್ಲಿ ಏಳು ಅಂಕಿಯ ಚಿಲ್ಲರೆ ಇರುತ್ತದೆ. ಕೈಯಲ್ಲಿ ಹಾಕಿದ ಸಮಯದಲ್ಲಿ ಹಲವು ಸಲ ಅಲ್ಲಿ ಏಳು ಸೊನ್ನೆ. ದಿನಚರಿ ತೆರೆದರೆ ಫೈಲ್ ಹುಟ್ಟಿದ್ದು, ಹೆಸರು ಬದಲಾದದ್ದು ಸಾಲಾಗಿ ಇರಬಹುದು. ಇರಬಹುದು ಅಂದೆ, ಯಾಕೆಂದರೆ ಆ ದಿನಚರಿಗೂ ಪುಟ ಇಷ್ಟೇ ಅಂತ ಮಿತಿ ಇದೆ. ಕಂಪ್ಯೂಟರನ್ನು ದಿನಾ ಬಳಸುತ್ತಾ ಹೋದರೆ ಹಳೆಯ ಸಾಲುಗಳು ಉದುರುತ್ತವೆ. ಮ್ಯಾಕಿನಲ್ಲಿ ಟೈಮ್ ಮೆಷಿನ್ ಚಾಲೂ ಇದ್ದರೆ ಗಂಟೆಗೊಂದು ಸ್ನ್ಯಾಪ್‌ಶಾಟ್ ತೆಗೆದು ಸುಮಾರು ಒಂದು ದಿನ ಒಳಗೇ ಇಟ್ಟಿರುತ್ತದೆ. ನಿನ್ನೆ ಅಳಿಸಿದ್ದು ಇವತ್ತು ಸಿಗುತ್ತದೆ, ಮುಂದಿನ ವಾರ ಸಿಗುವುದಿಲ್ಲ. ಇಲ್ಲೂ ಅದೇ ಕಥೆ, ಹೊತ್ತು ಕಳೆದರೆ ಕೆಟ್ಟಿತು.

ಈ ವಿಷಯದಲ್ಲಿ ನಮ್ಮ ರಾಜ್ಯಕ್ಕೆ ಒಂದು ಹೆಮ್ಮೆಯೂ ಇದೆ. ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಶೋಧನಾ ಸಂಸ್ಥೆಯಾದ ತಿರುವನಂತಪುರದ ಸಿ-ಡ್ಯಾಕ್ ಸೈಬರ್‌ಚೆಕ್, ಟ್ರೂಬ್ಯಾಕ್ ಎಂಬ ತನಿಖಾ ತಂತ್ರಾಂಶಗಳನ್ನು ಇಲ್ಲೇ ಮಾಡಿದೆ. ಆದರೆ ಯಾವ ದೇಶದ ತಂತ್ರಾಂಶವೇ ಆಗಲಿ, ಹೊಸ ಫೈಲ್ ಸಿಸ್ಟಮ್ ಬಂದ ಮೇಲೆ ಅದನ್ನು ಓದಲು ಕಲಿಯಲು ಕಾಲ ಬೇಕು. ಆಪಲ್ ಎಪಿಎಫ್ಎಸ್ ತಂದಾಗ ಅದರ ಪೂರ್ತಿ ವಿವರ ಜೊತೆಗೇ ಕೊಟ್ಟಿರಲಿಲ್ಲ. ಪರಿಣತರು ತಾವೇ ಬಿಡಿಸಿ ಬಿಡಿಸಿ ತಿಳಿಯಬೇಕಾಯಿತು.

ಸಿಸಿಟಿವಿಯ ದೃಶ್ಯ ಉಳಿಸಿಡುವ ಪೆಟ್ಟಿಗೆ, ಡಿವಿಆರ್ ಬಗ್ಗೆ ಎರಡು ಮಾತು, ಯಾಕೆಂದರೆ ಬದಿಯಡ್ಕ, ಪೆರ್ಲದ ಕಡೆ ಅಂಗಡಿ ಕಳವಿನಲ್ಲಿ ಎಲ್ಲರೂ ಮೊದಲು ನೋಡುವುದು ಅದನ್ನೇ. ಅದರೊಳಗೆ ಇನ್ನೂ ತಿರುಗುವ ಹಾರ್ಡ್ ಡಿಸ್ಕೇ ಜಾಸ್ತಿ. ಹಾಗಾಗಿ ಅಳಿಸಿದ ದೃಶ್ಯ ಸಿಗುವ ಆಸೆ ನಿಮ್ಮ ಹೊಸ ಫೋನಿಗಿಂತ ಈ ಧೂಳು ಹಿಡಿದ ಪೆಟ್ಟಿಗೆಯಲ್ಲೇ ಹೆಚ್ಚು. ತೊಂದರೆ ಎರಡು. ಹಲವು ಕಂಪನಿಗಳು ತಮ್ಮದೇ ಫೈಲ್ ಸಿಸ್ಟಮ್ ಹಾಕಿರುತ್ತವೆ, ಡಿಸ್ಕನ್ನು ಕಂಪ್ಯೂಟರಿಗೆ ಸಿಕ್ಕಿಸಿದರೆ ಖಾಲಿ ಡಿಸ್ಕ್, ಫಾರ್ಮ್ಯಾಟ್ ಮಾಡಲಾ ಅಂತ ಕೇಳುತ್ತದೆ. ಗಾಬರಿಯಲ್ಲಿ ಹೌದು ಅಂತ ಒತ್ತಿದವರೂ ಇದ್ದಾರೆ! ಎರಡನೆಯದು, ಡಿಸ್ಕ್ ತುಂಬಿದ ಮೇಲೆ ಹಳೆಯದರ ಮೇಲೇ ಬರೆಯುತ್ತದೆ. ಕಳವು ಗೊತ್ತಾದ ದಿನವೇ ಪೆಟ್ಟಿಗೆ ನಿಲ್ಲಿಸದಿದ್ದರೆ ಯಾವ ಲ್ಯಾಬೂ ಏನೂ ಮಾಡಲಾಗದು. ಮತ್ತೆ ಡಿವಿಆರ್‌ನ ಗಡಿಯಾರ. ಅದು ನೆಟ್ಟಗೆ ಇರುವುದು ನಾನಂತೂ ಅಪರೂಪಕ್ಕೆ ನೋಡಿದ್ದು. ಮಹಜರು ಬರೆಯುವಾಗ, ಡಿವಿಆರ್ ತೋರಿಸಿದ ಸಮಯ ಇಷ್ಟು, ಆಗ ಮೊಬೈಲಿನ ಸಮಯ ಇಷ್ಟು ಅಂತ ಒಂದು ಸಾಲು ಬರೆದರೆ ಮುಗಿಯಿತು. ಆ ಒಂದು ಸಾಲು ಇಲ್ಲದೆ ಆಮೇಲೆ ವಿದ್ಯಾನಗರದ ಕೋರ್ಟಿನಲ್ಲಿ ತಾಸುಗಟ್ಟಲೆ ಪಾಟೀಸವಾಲು.

ಕಾನೂನು ಈ ಕಡೆ ಕಣ್ಣು ಹಾಯಿಸಿದೆ. ಡಿಜಿಟಲ್ ಸಾಕ್ಷಿಗೆ ಪ್ರಮಾಣಪತ್ರ ಬೇಕೇ ಬೇಕು ಅಂತ ಸುಪ್ರೀಂ ಕೋರ್ಟ್ ಖಡಾಖಂಡಿತವಾಗಿ ಹೇಳಿದ್ದು 2014ರಲ್ಲಿ, ಅದೂ ಕೇರಳದ್ದೇ ಒಂದು ಚುನಾವಣಾ ತಕರಾರಿನಲ್ಲಿ. ಅನ್ವರ್ ಮತ್ತು ಬಶೀರ್ ನಡುವಿನ ಕೇಸು. ಅಲ್ಲಿ ಸಾಕ್ಷಿಯಾಗಿ ಬಂದದ್ದು ಪ್ರಚಾರದ ಸಿಡಿಗಳು. 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಬಂತು. ಅದರ 63ನೆಯ ಸೆಕ್ಷನ್ನಿನ ಪ್ರಮಾಣಪತ್ರಕ್ಕೆ ಎರಡು ಭಾಗ. ಒಂದಕ್ಕೆ ಸಾಕ್ಷಿ ತರುವವರು ಸಹಿ ಹಾಕಬೇಕು, ಇನ್ನೊಂದಕ್ಕೆ ಪರಿಣತರು. ಎರಡರಲ್ಲೂ ಹ್ಯಾಶ್ ಬರೆಯಬೇಕು. ಯಾವ ವಿಧಾನದ ಹ್ಯಾಶ್ ಅಂತ ಗುರುತು ಹಾಕಲು ಶಾ-1, ಶಾ-256, ಎಂಡಿ5 ಅಂತ ಆಯ್ಕೆಗಳಿವೆ. ಎಂಡಿ5ರಲ್ಲಿ ಎರಡು ಬೇರೆ ಫೈಲಿಗೆ ಒಂದೇ ಬೆರಳಚ್ಚು ಬರುವಂತೆ ಮಾಡಬಹುದು ಅಂತ 2004ರಲ್ಲೇ ತೋರಿಸಿಯಾಗಿದೆ. ಶಾ-1ರದ್ದು 2017ರಲ್ಲಿ ಆಯಿತು. ಹೊಸ ಕಾನೂನಿನ ನಮೂನೆಯಲ್ಲಿ ಎರಡೂ ಇನ್ನೂ ಕೂತಿವೆ. ಶಾ-256ಕ್ಕೆ ಮಾತ್ರ ಗುರುತು ಹಾಕಿ ಅಂತ ನಾನಂತೂ ಹೇಳುತ್ತೇನೆ.

ಆದರೆ ನಮೂನೆಯ ದೊಡ್ಡ ತೊಡಕು ಬೇರೆ. ಸಾಧನದ ಹ್ಯಾಶ್ ಅನ್ನುವ ಮಾತು ಪೆನ್‌ಡ್ರೈವಿಗೆ ಸರಿಹೋಗುತ್ತದೆ. ಆನ್ ಇರುವ ಫೋನಿಗೆ ಹ್ಯಾಶ್ ಎಲ್ಲಿಂದ ಬರಬೇಕು? ಅದು ಉಸಿರಾಡುತ್ತಿರುವ ವಸ್ತು. ಒಂದು ಸಲ ನಕಲು ತೆಗೆದು ಹತ್ತು ನಿಮಿಷ ಬಿಟ್ಟು ಮತ್ತೆ ತೆಗೆದರೆ ಎರಡೂ ಬೇರೆ ಬೇರೆ. ಆದ್ದರಿಂದ ಫೋನಿನ ಮಟ್ಟಿಗೆ ಬರೆಯುವ ಹ್ಯಾಶ್, ಲ್ಯಾಬಿನಲ್ಲಿ ಹೊರತೆಗೆದ ನಕಲಿನದ್ದು. ಫೋನಿನದ್ದಲ್ಲ. ಹಾಗಾದರೆ ಜಗಲಿಯಿಂದ ಲ್ಯಾಬಿನವರೆಗಿನ ದಾರಿಗೆ ಹ್ಯಾಶ್‌ನ ಕಾವಲು ಇಲ್ಲ. ಆ ದಾರಿಗೆ ಕಾವಲು ಮಹಜರು, ಸೀಲು, ಮತ್ತೆ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 105ನೆಯ ಸೆಕ್ಷನ್ ಹೇಳುವ ವಿಡಿಯೋ ಚಿತ್ರೀಕರಣ, ಇಷ್ಟೇ. ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಶಿಕ್ಷೆಯ ಅಪರಾಧವಾದರೆ ವಿಧಿವಿಜ್ಞಾನದ ಪರಿಣತರೇ ಸ್ಥಳಕ್ಕೆ ಬರಬೇಕು ಅಂತ ಅದೇ ಸಂಹಿತೆ ಹೇಳುತ್ತದೆ. ಜಾರಿಗೆ ರಾಜ್ಯಗಳಿಗೆ ಐದು ವರ್ಷದ ಸಮಯ ಕೊಟ್ಟಿದ್ದಾರೆ. ಅಡಿಕೆ ಬಾಕಿಯಂಥ ತಕರಾರಿಗೆ ಪರಿಣತರು ಬರುವುದು ಕನಸು.

ತಲಪಾಡಿಯ ಆಚೆ, ಕರ್ನಾಟಕ ಹೈಕೋರ್ಟ್ 2021ರಲ್ಲಿ ವೀರೇಂದ್ರ ಖನ್ನಾ ಪ್ರಕರಣದಲ್ಲಿ ಫೋನು, ಕಂಪ್ಯೂಟರ್ ವಶಪಡಿಸುವುದು ಹೇಗೆ ಅಂತ ವಿವರವಾಗಿ ಬರೆದಿಟ್ಟಿತು. ಫ್ಯಾರಡೆ ಚೀಲದ ಮಾತೂ ಅದರಲ್ಲಿದೆ. ಗಡಿಯ ಈಚೆ ಅದು ಕಡ್ಡಾಯ ಅಲ್ಲ, ಓದಿ ಒಪ್ಪಿಕೊಳ್ಳಲು ಅಡ್ಡಿಯೂ ಇಲ್ಲ. ನಮ್ಮ ಕಡೆ ಇನ್ನೊಂದು ತಾಪತ್ರಯ ಸೇರಿಕೊಳ್ಳುತ್ತದೆ. ಮಹಜರು ಬರೆಯುವುದು ಮಲಯಾಳಂನಲ್ಲಿ, ಸಹಿ ಹಾಕುವ ಎಷ್ಟೋ ಮಂದಿಗೆ ಓದಲು ಬರುವುದು ಕನ್ನಡ ಮಾತ್ರ. ಫೋನ್ ಆನ್ ಇತ್ತು ಅಂತ ಬರೆದಿದ್ದಾರೋ ಆಫ್ ಇತ್ತು ಅಂತ ಬರೆದಿದ್ದಾರೋ ಗೊತ್ತಿಲ್ಲದೆ ಸಹಿ ಬೀಳುತ್ತದೆ. ಓದಿ ಹೇಳಿ ಅಂತ ಕೇಳಬಹುದು, ಕೇಳಬೇಕು. ಆನ್ ಇತ್ತೇ, ಲಾಕ್ ಆಗಿತ್ತೇ, ಪರದೆಯ ಮೇಲೆ ಸಮಯ ಎಷ್ಟಿತ್ತು. ಈ ಮೂರು ಸಾಲಿಗೆ ಈಗ ಫೋನಿನ ಗುರುತು ಹೇಳುವ ಐಎಂಇಐ ಸಂಖ್ಯೆಯಷ್ಟೇ ಬೆಲೆ.

ಆ ಮಾವನಿಗೆ ಇಷ್ಟೆಲ್ಲ ಹೇಳಲಿಲ್ಲ ಬಿಡಿ. ಒಂದೇ ಪ್ರಶ್ನೆ ಕೇಳಿದೆ. "ಆ ಚೀಟಿಯನ್ನು ನೀವು ಬೇರೆ ಯಾರಿಗಾದ್ರೂ ಕಳಿಸಿದ್ರಾ?"

ಅವರು ಸ್ವಲ್ಪ ಹೊತ್ತು ಮಳೆ ನೋಡಿದರು. "ಮಗನಿಗೆ ಕಳಿಸಿದ್ದೆ. ಲೆಕ್ಕ ಸರಿ ಉಂಟಾ ನೋಡು ಅಂತ. ಅವ ಶಾರ್ಜಾದಲ್ಲಿ."

ಅಂಗಡಿಯಿಂದಲೇ ಫೋನ್ ಹಚ್ಚಿದರು. ಮಗ ಹುಡುಕಿ ನೋಡಿ, ಈ ಫೋನಲ್ಲಿ ಇಲ್ಲ ಅಂದ. ಹಳೆಯದರಲ್ಲಿ ಇರಬಹುದು, ಅದು ಡಿಸ್ಪ್ಲೇ ಒಡೆದು ಡ್ರಾಯರಿನಲ್ಲಿ ಬಿದ್ದಿದೆ, ನಾಳೆ ಯಾರಿಗಾದರೂ ಕೊಟ್ಟು ರೀಸೆಟ್ ಮಾಡಿಸಿ ಮಾರುವ ಅಂತಿದ್ದೆ ಅಂದ.

ಅಂಗಡಿಯ ಹುಡುಗ ಕೌಂಟರಿನ ಈಚೆಗೇ ಬಂದುಬಿಟ್ಟ. "ಮಾರ್ಬೇಡಿ ಅಂತ ಹೇಳಿ ಮಾವ. ಚಾರ್ಜಿಗೂ ಹಾಕ್ಬೇಡಿ ಅಂತ ಹೇಳಿ. ಊರಿಗೆ ಬರುವಾಗ ಹಾಗೇ ತರ್ಲಿ, ಮೊದಲು ವಕೀಲರಿಗೆ ತೋರಿಸುವ." ಮತ್ತೆ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದ, "ಅಲ್ಲಿಯ ಗಂಟೆ ಒಂದೂವರೆ ಹಿಂದೆ ಅಲ್ವಾ?"